ಹಾಲ್ ಕೆಟ್ಟಿದ್ದು ಯಾಕೆ? ‘2001: ಎ ಸ್ಪೇಸ್ ಒಡಿಸ್ಸಿ’ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದ ನಮ್ಮ ಮನೆಯ ಮಹಡಿ ಮೇಲೆ ಶೀಟ್ ಹೊದಿಸಿದ ಒಂದು ಕೋಣೆ ಇದೆ. ಮಳೆ ಬಂದರೆ ಒಳಗೆ ಮಾತು ಕೇಳುವುದಿಲ್ಲ, ಹಾಗಾಗಿ ಮಳೆಗಾಲದಲ್ಲಿ ರಜೆ. ಉಳಿದ ತಿಂಗಳುಗಳಲ್ಲಿ ಎರಡನೇ ಶನಿವಾರ ಗೋಡೆಗೆ ಬಿಳಿ ಬೆಡ್‌ಶೀಟ್ ಬಿಗಿದು, ಗೆಳೆಯರು, ನೆಂಟರು, ಪಕ್ಕದ ಮನೆಯವರು ಹತ್ತು ಹನ್ನೆರಡು ಜನ ಸೇರಿ ಒಂದು ಸಿನಿಮಾ ನೋಡುತ್ತೇವೆ. ಈ ಸಿನಿಮಾವನ್ನು ಇದುವರೆಗೆ ಮೂರು ಸಲ ಹಾಕಿದ್ದೇವೆ. ಮೂರು ಸಲವೂ ಅವೇ ಪ್ರಶ್ನೆಗಳು, ನಾನು ಅವೇ ಉತ್ತರ ಹೇಳುತ್ತಾ ಕೂತು ಮೂರು ಸಲವೂ ಕಾಫಿ ಆರಿಸಿಕೊಂಡೆ. ಬರೆದಿಟ್ಟರೆ ಮುಂದಿನ ಸಲವಾದರೂ ಬಿಸಿಯಾಗಿ ಕುಡಿಯಬಹುದು ಅಂತ ಈ ಪುಟ.

ಕಥೆಯನ್ನು ಮುಚ್ಚಿಟ್ಟಿಲ್ಲ. ಇನ್ನೂ ನೋಡದವರು ಮೊದಲ ನಾಲ್ಕು ಪ್ರಶ್ನೆ ಓದಿ ನಿಲ್ಲಿಸಿ.

ಶುರುವಿನಲ್ಲಿ ಪರದೆ ಕಪ್ಪಗಿದೆಯಲ್ಲ, ಪ್ರೊಜೆಕ್ಟರ್ ಕೆಟ್ಟಿದೆಯಾ?

ಇಲ್ಲ. ಸಿನಿಮಾ ಇರುವುದೇ ಹಾಗೆ. ಮೊದಲ ಮೂರು ನಿಮಿಷದ ಹತ್ತಿರ ಚಿತ್ರವೇ ಇಲ್ಲ, ಬರೀ ಸಂಗೀತ. ಅದೂ ಜೇನುಗೂಡಿಗೆ ಕಿವಿ ಇಟ್ಟ ಹಾಗೆ ಗುಂಯ್‌ಗುಡುವ ಸಂಗೀತ. ಹಂಗೇರಿಯ ಗ್ಯೋರ್ಗಿ ಲಿಗೆಟಿ ಅನ್ನುವವರದು. ಮೊದಲ ಸಲ ಹಾಕಿದಾಗ ನಮ್ಮ ಭಾವ ಎದ್ದು ಹೋಗಿ ವೈರ್ ಕಿತ್ತು ಮತ್ತೆ ಸಿಕ್ಕಿಸಿದರು. ಆಗ ನಿಜವಾಗಿಯೂ ಪ್ರೊಜೆಕ್ಟರ್ ಕೆಟ್ಟಿತು. ಅವತ್ತು ಸಿನಿಮಾ ಶುರುವಾದಾಗ ಎಂಟೂಮುಕ್ಕಾಲು.

ದಯವಿಟ್ಟು ವೈರ್ ಮುಟ್ಟಬೇಡಿ.

ಯಾವ ಕಾಲದ ಸಿನಿಮಾ ಇದು? ಯಾರು ಮಾಡಿದ್ದು?

1968ರದು. ನಿರ್ದೇಶಕ ಸ್ಟಾನ್ಲಿ ಕುಬ್ರಿಕ್. ಕಥೆ, ಚಿತ್ರಕಥೆ ಬರೆಯಲು ಜೊತೆಗೆ ಕೂತವರು ಇಂಗ್ಲೆಂಡಿನ ಕಾದಂಬರಿಕಾರ ಆರ್ಥರ್ ಸಿ. ಕ್ಲಾರ್ಕ್. ಮೊದಲ ಪ್ರದರ್ಶನ ಆಗಿದ್ದು ಅಮೆರಿಕದ ವಾಷಿಂಗ್ಟನ್‌ನಲ್ಲಿ, ಏಪ್ರಿಲ್ 2ರಂದು. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟಿದ್ದು 1969ರ ಜುಲೈನಲ್ಲಿ, ಅಂದರೆ ಸಿನಿಮಾ ಬಂದು ಒಂದು ವರ್ಷ ಮೂರು ತಿಂಗಳ ಮೇಲೆ. ಈ ಒಂದು ವಿಷಯ ತಲೆಯಲ್ಲಿಟ್ಟುಕೊಂಡು ನೋಡಿ. ತೆರೆಯ ಮೇಲೆ ಕಾಣುವ ಚಂದ್ರನ ನೆಲವನ್ನು ಆಗ ಯಾರೂ ಮೆಟ್ಟಿರಲಿಲ್ಲ. ಈಗಿನಂಥ ಕಂಪ್ಯೂಟರ್ ಗ್ರಾಫಿಕ್ಸ್ ಅನ್ನುವುದೂ ಇರಲಿಲ್ಲ. ಎಲ್ಲಾ ಮಾದರಿ ನೌಕೆ, ಬಣ್ಣ, ಬೆಳಕು, ಕ್ಯಾಮೆರಾ ಕೈಚಳಕ. ಕುಬ್ರಿಕ್‌ಗೆ ಜೀವಮಾನದಲ್ಲಿ ಬಂದ ಒಂದೇ ಆಸ್ಕರ್ ಈ ಕೈಚಳಕಕ್ಕೆ.

ಇಂಗ್ಲಿಷ್ ಅಷ್ಟಾಗಿ ಬರಲ್ಲ, ಅರ್ಥ ಆಗುತ್ತಾ?

ಇಂಗ್ಲಿಷ್ ಚೆನ್ನಾಗಿ ಬರುವವರಿಗೂ ಪೂರ್ತಿ ಅರ್ಥ ಆಗುವುದಿಲ್ಲ, ಚಿಂತೆ ಬಿಡಿ. ಮೊದಲ 25 ನಿಮಿಷ ಯಾರೂ ಬಾಯಿ ಬಿಡುವುದಿಲ್ಲ. ಕೊನೆಯ ಇಪ್ಪತ್ತಕ್ಕೂ ಜಾಸ್ತಿ ನಿಮಿಷವೂ ಹಾಗೇ. ನಡುವೆ ಆಡುವ ಮಾತೂ ಬಹುಪಾಲು ‘ಹೇಗಿದ್ದೀರಾ, ಪ್ರಯಾಣ ಹೇಗಿತ್ತು’ ಥರದ್ದು. ನಮ್ಮ ದೊಡ್ಡಮ್ಮನಿಗೆ ಇಂಗ್ಲಿಷ್ ಒಂದಕ್ಷರ ಬರುವುದಿಲ್ಲ. ಮೂರು ಸಲವೂ ಪೂರ್ತಿ ಕೂತು ನೋಡಿದ್ದು ಅವರೊಬ್ಬರೇ. ಇಂಜಿನಿಯರಿಂಗ್ ಓದುವ ಹುಡುಗರು ಅರ್ಧಕ್ಕೇ ಬೋಂಡಾ ತರುತ್ತೇವೆ ಅಂತ ಕೆಳಗಿಳಿದವರು ವಾಪಸ್ ಬಂದಿಲ್ಲ.

ಇಷ್ಟೊಂದು ನಿಧಾನ ಯಾಕೆ?

ಮೊದಲ ಪ್ರದರ್ಶನದಲ್ಲೇ ಜನ ಎದ್ದು ಹೋಗಿದ್ದರು. ಆಮೇಲೆ ಕುಬ್ರಿಕ್ ಸುಮಾರು 19 ನಿಮಿಷ ಕತ್ತರಿಸಿ ಹಾಕಿದರು. ನಾವು ನೋಡುವುದು ಆ ಕತ್ತರಿಸಿದ, ಎರಡು ಗಂಟೆ ಇಪ್ಪತ್ತು ನಿಮಿಷದ ಸಿನಿಮಾ. ಇದೇ ‘ಫಾಸ್ಟ್’ ಆದದ್ದು.

ನನ್ನ ಮಟ್ಟಿಗೆ ಆ ನಿಧಾನವೇ ಇದರ ಜೀವ. ಬೇಲೂರಿಗೆ ನೆಂಟರನ್ನು ಕರೆದುಕೊಂಡು ಹೋದಾಗ ನೋಡಿದ್ದೀರಲ್ಲ? ಹತ್ತು ನಿಮಿಷದಲ್ಲಿ ಒಂದು ಸುತ್ತು ಹೊಡೆದು, ದರ್ಪಣ ಸುಂದರಿ ಮುಂದೆ ಸೆಲ್ಫಿ ತೆಗೆದು, ಊಟ ಎಲ್ಲಿ ಅನ್ನುವವರು ಒಂದು ಥರ. ಒಂದೇ ಮದನಿಕೆಯ ಕೆಳಗೆ ಕತ್ತು ನೋಯುವ ತನಕ ನಿಲ್ಲುವವರು ಇನ್ನೊಂದು ಥರ. ಈ ಸಿನಿಮಾ ಮಾಡಿದವನು ಎರಡನೇ ಥರದವನು, ನೋಡುವವರನ್ನೂ ಕೈ ಹಿಡಿದು ಅಲ್ಲೇ ನಿಲ್ಲಿಸುತ್ತಾನೆ. ಬಾಹ್ಯಾಕಾಶದಲ್ಲಿ ಒಂದು ನೌಕೆ ತಿರುಗುವ ನಿಲ್ದಾಣಕ್ಕೆ ಹೋಗಿ ಸೇರಿಕೊಳ್ಳುವುದನ್ನು ಯೋಹಾನ್ ಸ್ಟ್ರಾಸ್‌ನ ‘ಬ್ಲೂ ಡ್ಯಾನ್ಯೂಬ್’ ಸಂಗೀತಕ್ಕೆ ಕುಣಿತದ ಹಾಗೆ ತೋರಿಸುತ್ತಾನೆ. ಅವಸರ ಇಲ್ಲ. ನಿಜವಾಗಿಯೂ ಅಲ್ಲಿ ಅವಸರ ಮಾಡಿದರೆ ಎರಡೂ ಪುಡಿ ಪುಡಿ.

ಕಥೆ ಏನು, ಸುಮ್ನೆ ಹೇಳಿಬಿಡಿ.

ಲಕ್ಷಾಂತರ ವರ್ಷಗಳ ಹಿಂದೆ ಆಫ್ರಿಕಾದಲ್ಲಿ ಒಂದು ವಾನರ ಗುಂಪು. ಒಂದು ಬೆಳಗ್ಗೆ ಎದ್ದು ನೋಡಿದರೆ ಮುಂದೆ ಕಪ್ಪಗೆ, ನುಣ್ಣಗೆ ಒಂದು ಕಲ್ಲು ನಿಂತಿದೆ. ಅದನ್ನು ಮುಟ್ಟಿದ ಮೇಲೆ ಒಂದು ವಾನರಕ್ಕೆ ಮೂಳೆಯನ್ನು ಆಯುಧ ಮಾಡಿಕೊಳ್ಳುವುದು ಹೊಳೆಯುತ್ತದೆ. ಹೊಡೆದು, ಗೆದ್ದು, ಖುಷಿಯಲ್ಲಿ ಮೂಳೆಯನ್ನು ಮೇಲಕ್ಕೆ ಎಸೆಯುತ್ತದೆ. ಅದು ಕೆಳಗೆ ಬರುವಷ್ಟರಲ್ಲಿ ದೃಶ್ಯ ಬದಲಾಗಿ ಒಂದು ಉಪಗ್ರಹ. ಲಕ್ಷಾಂತರ ವರ್ಷ ಒಂದೇ ಕಟ್‌ನಲ್ಲಿ ಹಾರಿಹೋಗುತ್ತದೆ.

ಈಗ ಚಂದ್ರನ ಮೇಲೆ ಮಣ್ಣು ಅಗೆದರೆ ಅದೇ ಥರದ ಕಲ್ಲು. ಸೂರ್ಯನ ಬೆಳಕು ಬಿದ್ದ ಕೂಡಲೇ ಅದು ಗುರು ಗ್ರಹದ ಕಡೆಗೆ ಒಂದು ರೇಡಿಯೊ ಸಂಕೇತ ಕಳಿಸುತ್ತದೆ. ಹದಿನೆಂಟು ತಿಂಗಳ ನಂತರ ‘ಡಿಸ್ಕವರಿ’ ಅನ್ನುವ ನೌಕೆ ಗುರುವಿನ ಕಡೆ ಹೊರಟಿದೆ. ಎಚ್ಚರವಾಗಿರುವವರು ಇಬ್ಬರು, ಡೇವ್ ಬೋಮನ್ ಮತ್ತು ಫ್ರಾಂಕ್ ಪೂಲ್. ಮೂವರು ಶೀತನಿದ್ದೆಯಲ್ಲಿ. ಆರನೆಯದು ಹಾಲ್ ಅನ್ನುವ ಕಂಪ್ಯೂಟರ್. ನೌಕೆಯ ಉಸಿರು, ಬಾಗಿಲು, ದಾರಿ, ಚದುರಂಗದಾಟ ಎಲ್ಲಾ ಅದರದೇ.

ಮುಂದಿನದು ಹಾಲ್ ಕೆಟ್ಟ ಕಥೆ. ಅದಕ್ಕೆ ಕೆಳಗೆ ಬೇರೆ ಉತ್ತರ ಇದೆ.

‘ಹಾಲ್’ ಅಂದರೆ ಹಾಲಾ?

ನಗಬೇಡಿ, ಜಾಸ್ತಿ ಕೇಳುವ ಪ್ರಶ್ನೆ ಇದೇ. ‘ಹಾಲ್ 9000’ ಅಂತ ಕಂಪ್ಯೂಟರಿನ ಹೆಸರು. ಇಂಗ್ಲಿಷಿನ ಎರಡು ಉದ್ದ ಪದಗಳಿಂದ ಅಕ್ಷರ ಹೆಕ್ಕಿ ಮಾಡಿದ್ದು: ಅನುಭವದಿಂದ ಊಹಿಸುವುದು, ಲೆಕ್ಕದ ಹಾದಿಯಲ್ಲಿ ನಡೆಯುವುದು, ಎರಡೂ ಬಲ್ಲ ಯಂತ್ರ ಅನ್ನುವ ಅರ್ಥದಲ್ಲಿ. ಇಂಗ್ಲಿಷ್ ಅಕ್ಷರಮಾಲೆಯಲ್ಲಿ ಎಚ್, ಎ, ಎಲ್ ಮೂರನ್ನೂ ಒಂದೊಂದು ಮನೆ ಮುಂದೆ ಸರಿಸಿದರೆ ಕಂಪ್ಯೂಟರ್ ಕಂಪನಿ ಐಬಿಎಂನ ಹೆಸರಾಗುತ್ತದೆ ಅಂತ ಬುದ್ಧಿವಂತರು ಕಂಡುಹಿಡಿದಿದ್ದಾರೆ. ಅದು ಬರೀ ಕಾಕತಾಳೀಯ ಅಂತ ಕ್ಲಾರ್ಕ್ ಹೇಳುತ್ತಲೇ ಬಂದರು.

ಅದಕ್ಕೆ ಮುಖ ಇಲ್ಲ. ಒಂದು ಕೆಂಪು ಕಣ್ಣು, ಒಂದು ಮೆತ್ತನೆ ದನಿ. ದನಿ ಕೆನಡಾದ ರಂಗನಟ ಡಗ್ಲಸ್ ರೇನ್ ಅವರದು, ಶೂಟಿಂಗ್ ಎಲ್ಲಾ ಮುಗಿದ ಮೇಲೆ ಕೊಟ್ಟಿದ್ದು. ಕೂಗಾಟ ಇಲ್ಲ, ಸಿಟ್ಟಿಲ್ಲ. ಬ್ಯಾಂಕಿನ ಕೌಂಟರಿನಲ್ಲಿ ‘ಆಗಲ್ಲ ಸಾರ್, ನಾಳೆ ಬನ್ನಿ’ ಅನ್ನುವಷ್ಟೇ ಸೌಜನ್ಯದಲ್ಲಿ ಅದು ಒಬ್ಬನನ್ನು ಸಾಯಲು ಬಿಡುತ್ತದೆ. ನನಗೆ ಭಯ ಆಗಿದ್ದು ಆ ಸೌಜನ್ಯಕ್ಕೆ.

ಆ ಕಪ್ಪು ಕಲ್ಲು ಏನು?

ಹಾಸನ ಜಿಲ್ಲೆಯವರಿಗೆ ಏಕಶಿಲೆ ಹೊಸದೇ? ಶ್ರವಣಬೆಳಗೊಳದಲ್ಲಿ ಒಂದೇ ಬಂಡೆಯಲ್ಲಿ ಕಡೆದ 57 ಅಡಿಯ ಗೊಮ್ಮಟ ಸಾವಿರ ವರ್ಷದಿಂದ ನಿಂತಿದ್ದಾನೆ. ಸಿನಿಮಾದ ಏಕಶಿಲೆ ಇದಕ್ಕೆ ಪೂರ್ತಿ ಉಲ್ಟಾ. ಕಣ್ಣಿಲ್ಲ, ಮೂಗಿಲ್ಲ, ಉಳಿ ಮುಟ್ಟಿದ ಗುರುತೇ ಇಲ್ಲ. ಕ್ಲಾರ್ಕ್ ಕಾದಂಬರಿಯಲ್ಲಿ ಅದರ ಅಳತೆ 1:4:9, ಅಂದರೆ ಒಂದು, ಎರಡು, ಮೂರರ ವರ್ಗಗಳು. ಯಾರೋ ನಮಗಿಂತ ಬಹಳ ಮುಂದಿರುವವರು ನೆಟ್ಟು ಹೋದದ್ದು, ಬುದ್ಧಿ ಚಿಗುರಿಸಲು, ಆಮೇಲೆ ಚಿಗುರಿತಾ ಅಂತ ತಿಳಿಯಲು. ಚಂದ್ರನ ಮೇಲಿನದು ಒಂಥರಾ ಕಾಲಿಂಗ್ ಬೆಲ್: ಅದನ್ನು ಅಗೆದು ತೆಗೆಯುವಷ್ಟು ಬೆಳೆದಿರಿ ಅಂದರೆ ಗಂಟೆ ಹೊಡೆಯುತ್ತದೆ. ನೆಟ್ಟವರು ಯಾರು ಅಂತ ಸಿನಿಮಾ ತೋರಿಸುವುದೇ ಇಲ್ಲ. ಒಳ್ಳೆಯದಾಯಿತು. ಹಸಿರು ಮುಖ, ದೊಡ್ಡ ತಲೆ ತೋರಿಸಿದ್ದರೆ ಇವತ್ತು ಮಕ್ಕಳು ನಗುತ್ತಿದ್ದರು.

ಹಾಲಿಗೆ ಹುಳಿ ಹಿಂಡಿದ್ದು ಯಾರು?

ಹೀಗೆ ಕೇಳಿದ್ದು ನಮ್ಮ ದೊಡ್ಡಮ್ಮ. ‘ಅಲ್ವೋ, ಅಷ್ಟು ಚೆನ್ನಾಗಿದ್ದ ಹಾಲು ಇದ್ದಕ್ಕಿದ್ದ ಹಾಗೆ ಒಡೆಯುತ್ತಾ? ಯಾರೋ ಹುಳಿ ಹಿಂಡಿರಬೇಕು’ ಅಂದರು. ಎಲ್ಲರೂ ನಕ್ಕೆವು. ಆಮೇಲೆ ನೋಡಿದರೆ ಈ ಸಿನಿಮಾಕ್ಕೆ ಇದಕ್ಕಿಂತ ಒಳ್ಳೆ ಪ್ರಶ್ನೆ ಇಲ್ಲ.

ಮೊದಲು ಆದದ್ದೇನು ನೋಡಿ. ಹಾಲ್ ಒಂದು ಎಚ್ಚರಿಕೆ ಕೊಡುತ್ತದೆ: ಆಂಟೆನಾವನ್ನು ಭೂಮಿಯ ಕಡೆಗೆ ಹಿಡಿದಿಡುವ ಎಇ-35 ಅನ್ನುವ ಡಬ್ಬಿ 72 ಗಂಟೆಯಲ್ಲಿ ಕೆಡುತ್ತದೆ. ಡೇವ್ ಹೊರಗೆ ಹೋಗಿ ಡಬ್ಬಿ ಬದಲಿಸಿ ತರುತ್ತಾನೆ. ಬಿಚ್ಚಿ ಪರೀಕ್ಷೆ ಮಾಡಿದರೆ ಏನೂ ಆಗಿಲ್ಲ. ಭೂಮಿಯಲ್ಲಿ ಇಂಥದ್ದೇ ಇನ್ನೊಂದು ಹಾಲ್ ಇದೆ, ಅದೂ ಡಬ್ಬಿ ಸರಿಯಿದೆ ಅನ್ನುತ್ತದೆ. ಅಂದರೆ ನೌಕೆಯ ಹಾಲ್ ತಪ್ಪಿದೆ. ಆಗ ಅದು ಏನನ್ನುತ್ತದೆ? ಇದು ಮನುಷ್ಯರದೇ ತಪ್ಪಿರಬೇಕು, ಹಿಂದೆಯೂ ಹೀಗೇ ಆಗಿದೆ, ಆಗೆಲ್ಲಾ ಮನುಷ್ಯರದೇ ತಪ್ಪಾಗಿತ್ತು ಅಂತ. ಯಾವ ಆಫೀಸಿನಲ್ಲಿ ಈ ಮಾತು ಕೇಳಿಲ್ಲ ಹೇಳಿ.

ಡೇವ್ ಮತ್ತು ಫ್ರಾಂಕ್ ಒಂದು ಪುಟ್ಟ ನೌಕೆಯೊಳಗೆ ಕೂತು, ಮಾತು ಹೊರಗೆ ಕೇಳದ ಹಾಗೆ ಎಲ್ಲಾ ಸ್ವಿಚ್ ಆರಿಸಿ, ಹಾಲ್ ಅನ್ನು ಬಂದ್ ಮಾಡುವ ಮಾತಾಡುತ್ತಾರೆ. ಗಾಜಿನಾಚೆ ಕೆಂಪು ಕಣ್ಣು ಅವರ ತುಟಿಗಳನ್ನು ಓದುತ್ತಿರುತ್ತದೆ. ಅಲ್ಲಿಗೆ ಇಂಟರ್ವಲ್. ಸಿನಿಮಾದಲ್ಲೇ ಇರುವ ಇಂಟರ್ವಲ್ ಅದು, ನಾವು ಹಾಕಿದ್ದಲ್ಲ. ಇಂಥ ಇಂಟರ್ವಲ್ ಬ್ಯಾಂಗ್ ನಮ್ಮ ಮಾಸ್ ಸಿನಿಮಾದವರಿಗೂ ಸಿಕ್ಕಿಲ್ಲ.

ಆಮೇಲೆ ಫ್ರಾಂಕ್ ಸಾಯುತ್ತಾನೆ. ನಿದ್ದೆಯಲ್ಲಿದ್ದ ಮೂವರೂ ನಿದ್ದೆಯಲ್ಲೇ ಹೋಗುತ್ತಾರೆ. ಡೇವ್ ಹೊರಗೆ ಸಿಕ್ಕಿಕೊಂಡು ಬಾಗಿಲು ತೆಗೆ ಅಂತ ಕೇಳುತ್ತಾನೆ. ಹಾಲ್ ಕ್ಷಮೆ ಕೇಳಿ, ಆಗುವುದಿಲ್ಲ ಅನ್ನುತ್ತದೆ. (ವರ್ಷಕ್ಕೊಮ್ಮೆ ಮಾತ್ರ ಬಾಗಿಲು ತೆಗೆಯುವ ಹಾಸನಾಂಬೆಯ ಊರಿನವರು ನಾವು, ಕಾಯುವುದು ಗೊತ್ತು. ಡೇವ್‌ಗೆ ಅಷ್ಟು ಆಕ್ಸಿಜನ್ ಇರಲಿಲ್ಲ.)

ಕೊನೆಗೆ ಡೇವ್ ಹೆಲ್ಮೆಟ್ ಇಲ್ಲದೆಯೇ ಶೂನ್ಯಕ್ಕೆ ಹಾರಿ ನೌಕೆಯೊಳಗೆ ನುಗ್ಗಿ, ಹಾಲ್ ಅನ್ನು ಬಂದ್ ಮಾಡುತ್ತಾನೆ. ಹುಳಿ ಎಲ್ಲಿತ್ತು ಅನ್ನುವುದು ಆಮೇಲೆ ಗೊತ್ತಾಗುತ್ತದೆ. ಮೊದಲೇ ರೆಕಾರ್ಡ್ ಮಾಡಿಟ್ಟಿದ್ದ ಒಂದು ವಿಡಿಯೊ ತಾನಾಗೇ ಓಡುತ್ತದೆ. ಚಂದ್ರನ ಕಲ್ಲಿನ ವಿಷಯ, ಪ್ರಯಾಣದ ನಿಜವಾದ ಉದ್ದೇಶ, ಇಷ್ಟು ದಿನ ಗೊತ್ತಿದ್ದದ್ದು ಹಾಲ್‌ಗೆ ಮಾತ್ರ. ನೌಕೆ ನಡೆಸುವ ಇಬ್ಬರಿಗೂ ಹೇಳಿರಲಿಲ್ಲ. ಸಿನಿಮಾ ಇಷ್ಟಕ್ಕೇ ಬಿಡುತ್ತದೆ. ಕ್ಲಾರ್ಕ್ 1982ರಲ್ಲಿ ಬರೆದ ಮುಂದಿನ ಕಾದಂಬರಿಯಲ್ಲಿ ಬಿಡಿಸಿ ಹೇಳಿದರು: ಹಾಲ್ ಅನ್ನು ಕಟ್ಟಿದ್ದು ಇದ್ದದ್ದನ್ನು ಇದ್ದ ಹಾಗೆ ಹೇಳಲು. ಮೇಲಿನವರು ಅದಕ್ಕೆ ಗುಟ್ಟು ಕಾಯಲು ಹೇಳಿದರು. ನಿಜ ಹೇಳು, ನಿಜ ಮುಚ್ಚಿಡು, ಎರಡನ್ನೂ ಒಟ್ಟಿಗೆ ಮಾಡು ಅಂದರೆ ಮನುಷ್ಯ ಹೇಗೋ ನಿಭಾಯಿಸಿಕೊಂಡು ಹೋಗುತ್ತಾನೆ. ಯಂತ್ರಕ್ಕೆ ಆಗಲಿಲ್ಲ. ಆ ಇಬ್ಬರು ಇಲ್ಲದೇ ಹೋದರೆ ಸುಳ್ಳು ಹೇಳುವ ಅಗತ್ಯವೇ ಇಲ್ಲವಲ್ಲ ಅಂತ ಲೆಕ್ಕ ಹಾಕಿತು. ಅಂದ ಹಾಗೆ, ಆ ಕಾದಂಬರಿಯಲ್ಲಿ ಹಾಲ್‌ನ ಪರವಾಗಿ ನಿಲ್ಲುವ, ಅದನ್ನು ಕಟ್ಟಿದ ವಿಜ್ಞಾನಿ ಭಾರತೀಯ ಮೂಲದ ಡಾ. ಚಂದ್ರ.

ಹುಳಿ ಹಿಂಡಿದವರು ಭೂಮಿಯ ಮೇಲೆ, ಎಸಿ ರೂಮಿನಲ್ಲಿ ಕೂತಿದ್ದರು. ದೊಡ್ಡಮ್ಮ ಹೇಳಿದ್ದು ಸರಿ.

ಹೆಲ್ಮೆಟ್ ಇಲ್ಲದೆ ಶೂನ್ಯಕ್ಕೆ ಹಾರಿದರೆ ಮನುಷ್ಯ ಸಿಡಿದು ಹೋಗಲ್ವಾ?

ಇಲ್ಲ. ಹತ್ತು ಹದಿನೈದು ಸೆಕೆಂಡ್ ಎಚ್ಚರ ಇರುತ್ತದೆ, ಬೇಗ ಗಾಳಿ ಸಿಕ್ಕರೆ ಬದುಕಬಹುದು. 1966ರಲ್ಲಿ ನಾಸಾದ ಪರೀಕ್ಷಾ ಕೋಣೆಯೊಂದರಲ್ಲಿ ಸೂಟಿನ ಗಾಳಿ ಕೊಳವೆ ಕಳಚಿ ಒಬ್ಬರು ಹೀಗೇ ಎಚ್ಚರ ತಪ್ಪಿ ಬಿದ್ದು, ಬದುಕಿದರು. ಸಿನಿಮಾದಲ್ಲಿರುವ ತಪ್ಪು ಬೇರೆ: ಡೇವ್ ಹಾರುವ ಮುಂಚೆ ಉಸಿರು ಬಿಗಿ ಹಿಡಿದ ಹಾಗೆ ಕಾಣುತ್ತದೆ. ಹಾಗೆ ಹಿಡಿದರೆ ಶ್ವಾಸಕೋಶ ಹರಿಯುತ್ತದೆ, ಉಸಿರು ಪೂರ್ತಿ ಬಿಡಬೇಕು.

ಆ ದೃಶ್ಯದಲ್ಲಿ ಸದ್ದೇ ಇಲ್ಲ ಗಮನಿಸಿ. ಗಾಳಿ ಇಲ್ಲದ ಕಡೆ ಸದ್ದಿಲ್ಲ. ಈಗಿನ ಸಿನಿಮಾಗಳಲ್ಲಿ ನೌಕೆಗಳು ಆಕಾಶದಲ್ಲಿ ಲಾರಿ ಥರ ಗುಡುಗುತ್ತವಲ್ಲ, ಇವರು 1968ರಲ್ಲೇ ಆ ತಪ್ಪು ಮಾಡಿರಲಿಲ್ಲ.

ಗೋಡೆ ಮೇಲೆ, ತಲೆಕೆಳಗಾಗಿ ಓಡುವುದನ್ನು ಹೇಗೆ ತೆಗೆದರು?

ಸುಮಾರು 38 ಅಡಿ ಅಗಲದ ಒಂದು ಚಕ್ರವನ್ನೇ ಕಟ್ಟಿಸಿದರು. ಜಾತ್ರೆಯ ಜೈಂಟ್ ವೀಲ್ ನೆನಪಿಸಿಕೊಳ್ಳಿ, ಆದರೆ ಒಳಗೇ ಕುರ್ಚಿ, ಮೇಜು, ಹಾಸಿಗೆ. ಚಕ್ರ ತಿರುಗುತ್ತದೆ, ನಟ ಯಾವಾಗಲೂ ತಳದಲ್ಲೇ ಇರುತ್ತಾನೆ, ನಮ್ಮ ಕಣ್ಣಿಗೆ ಮೋಸ. ಇದನ್ನು ಕಟ್ಟಿದ್ದು ವಿಮಾನ ತಯಾರಿಸುವ ಬ್ರಿಟಿಷ್ ಕಂಪನಿ. ಖರ್ಚು ಏಳೂವರೆ ಲಕ್ಷ ಡಾಲರ್, ಆ ಕಾಲದಲ್ಲಿ.

ಹಾಸನಕ್ಕೂ ಈ ಸಿನಿಮಾಕ್ಕೂ ಏನು ಸಂಬಂಧ? ಯಾವಾಗ ನೋಡಿದರೂ ಇದನ್ನೇ ಹಾಕುತ್ತೀರಲ್ಲ.

ಇದಕ್ಕೆ ಸ್ವಲ್ಪ ಉದ್ದ ಉತ್ತರ. ಕಾಫಿ ತಂದುಕೊಳ್ಳಿ.

1945ರ ಅಕ್ಟೋಬರ್. ಯುದ್ಧ ಆಗಷ್ಟೇ ಮುಗಿದಿತ್ತು. ಇಂಗ್ಲೆಂಡಿನ ಒಂದು ರೇಡಿಯೊ ಪತ್ರಿಕೆಯಲ್ಲಿ 27 ವರ್ಷದ ಹುಡುಗನೊಬ್ಬನ ಲೇಖನ ಬಂತು. ಭೂಮಧ್ಯ ರೇಖೆಯ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಒಂದು ಉಪಗ್ರಹ ಇಟ್ಟರೆ, ಅದು ಭೂಮಿ ತಿರುಗುವಷ್ಟೇ ಹೊತ್ತಿನಲ್ಲಿ ಒಂದು ಸುತ್ತು ಹಾಕುತ್ತದೆ, ಕೆಳಗಿನಿಂದ ನೋಡಿದರೆ ಒಂದೇ ಜಾಗದಲ್ಲಿ ನಿಂತ ಹಾಗೆ ಕಾಣುತ್ತದೆ. ಅಂಥ ಮೂರು ಇಟ್ಟರೆ ಇಡೀ ಜಗತ್ತಿಗೆ ರೇಡಿಯೊ, ಟಿವಿ ತಲುಪಿಸಬಹುದು. ಬರೆದವನು ಆರ್ಥರ್ ಕ್ಲಾರ್ಕ್. ಮೊದಲ ಉಪಗ್ರಹ ಸ್ಪುಟ್ನಿಕ್ ಹಾರಿದ್ದು ಅದಾಗಿ ಹನ್ನೆರಡು ವರ್ಷಕ್ಕೆ. ಈಗ ಆ ಹಾದಿಗೆ ಕ್ಲಾರ್ಕ್ ಕಕ್ಷೆ ಅಂತಲೇ ಕರೆಯುವುದುಂಟು.

ಕ್ಲಾರ್ಕ್ 1956ರಲ್ಲಿ ಶ್ರೀಲಂಕಾಕ್ಕೆ ಬಂದು ಅಲ್ಲೇ ನೆಲೆ ನಿಂತರು, 2008ರಲ್ಲಿ ಕೊಲಂಬೊದಲ್ಲೇ ತೀರಿಕೊಂಡರು. 1975ರಲ್ಲಿ ಅಮೆರಿಕದ ಒಂದು ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಕಡ ಪಡೆದು ಇಸ್ರೊ ನಮ್ಮ ಹಳ್ಳಿಗಳಿಗೆ ಟಿವಿ ತೋರಿಸಿತಲ್ಲ, ‘ಸೈಟ್’ ಪ್ರಯೋಗ ಅಂತ? ಸುಮಾರು 2,400 ಹಳ್ಳಿಗಳು. ಕರ್ನಾಟಕದಲ್ಲಿ ಕಲಬುರಗಿ, ರಾಯಚೂರು, ವಿಜಯಪುರದ ಕಡೆ. ಆಗ ಇಸ್ರೊದ ಇಂಜಿನಿಯರ್‌ಗಳು ಕೊಲಂಬೊಗೆ ಹೋಗಿ ಕ್ಲಾರ್ಕ್ ಮನೆಯಲ್ಲೂ ಒಂದು ಡಿಶ್ ನಿಲ್ಲಿಸಿ ಬಂದರು. ಐಡಿಯಾ ಕೊಟ್ಟವರ ಮನೆಗೆ ಮೊದಲ ಪ್ರಸಾದ ಕೊಟ್ಟ ಹಾಗೆ.

ಇನ್ನು ಸಾಲಗಾಮೆ ರಸ್ತೆ. ಅಲ್ಲಿ ನಾವೆಲ್ಲಾ ದಿನಾ ದಾಟಿಕೊಂಡು ಹೋಗುವ ಎಂಸಿಎಫ್, ಇಸ್ರೊದ ಮುಖ್ಯ ನಿಯಂತ್ರಣ ಕೇಂದ್ರ, 1982ರಲ್ಲಿ ಶುರುವಾಗಿದ್ದು. ಅಲ್ಲಿನವರ ಮುಖ್ಯ ಕೆಲಸ ಈ ಕ್ಲಾರ್ಕ್ ಹಾದಿಯ ಮೇಲಿರುವ ಇನ್ಸಾಟ್, ಜಿಸ್ಯಾಟ್‌ಗಳನ್ನು ಕಾಯುವುದು. ರಾಕೆಟ್ ಬಿಟ್ಟು ಹೋದ ಮೇಲೆ ಉಪಗ್ರಹವನ್ನು ಮೆಲ್ಲಮೆಲ್ಲಗೆ 36,000 ಕಿಲೋಮೀಟರ್‌ಗೆ ಏರಿಸುವುದು, ಅದರ ರೆಕ್ಕೆ ಬಿಚ್ಚಿಸುವುದು, ಆಮೇಲೆ ವರ್ಷಗಟ್ಟಲೆ ಅದರ ಜಾಗದಲ್ಲೇ ನಿಲ್ಲಿಸಿಕೊಳ್ಳುವುದು. ಮೇಲೆ ನಿಂತ ಹಾಗೆ ಕಂಡರೂ ಸೂರ್ಯ ಚಂದ್ರರು ಎಳೆಯುತ್ತಲೇ ಇರುತ್ತಾರೆ. ಆಗಾಗ ಚೂರು ಇಂಧನ ಉರಿಸಿ ವಾಪಸ್ ತಂದು ನಿಲ್ಲಿಸಬೇಕು. ಇಂಧನ ಮುಗಿಯಿತು ಅಂದರೆ ಅದರ ಆಯಸ್ಸೂ ಮುಗಿಯಿತು.

ಮೊದಲನೆಯದೇ ಕಷ್ಟ ಕೊಟ್ಟಿತು. ಇನ್ಸಾಟ್-1ಎ ಹಾರಿದ್ದು 1982ರ ಏಪ್ರಿಲ್ 10ರಂದು. ಒಂದಾದ ಮೇಲೊಂದು ತೊಂದರೆ, ಸೆಪ್ಟೆಂಬರ್ ಹೊತ್ತಿಗೆ ಇಂಧನ ಖಾಲಿಯಾಗಿ ಕೈಬಿಡಬೇಕಾಯಿತು. ಮಾರನೇ ವರ್ಷ ಆಗಸ್ಟ್‌ನಲ್ಲಿ ಅಮೆರಿಕದ ಚಾಲೆಂಜರ್ ನೌಕೆಯಲ್ಲಿ ಹೋದ ಇನ್ಸಾಟ್-1ಬಿ ನಿಂತಿತು. ಊರೂರಿಗೆ ದೂರದರ್ಶನ ಹಬ್ಬಿದ್ದು ಅದರ ಬಲದಿಂದ.

ಈಗ ಸಿನಿಮಾಕ್ಕೆ ವಾಪಸ್ ಬನ್ನಿ. ಎಇ-35 ಡಬ್ಬಿಯ ಕೆಲಸ ಏನು? ಆಂಟೆನಾವನ್ನು ಭೂಮಿಯ ಕಡೆಗೆ ಹಿಡಿದಿಡುವುದು. ನಮ್ಮ ಪಕ್ಕದ ಬೀದಿಯಲ್ಲಿ ಎಂಸಿಎಫ್‌ನಿಂದ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ, ಮಕ್ಕಳೆಲ್ಲಾ ಡಿಶ್ ತಾತ ಅನ್ನುತ್ತಾರೆ. ಮೊದಲ ಸಲ ಸಿನಿಮಾ ನೋಡುವಾಗ ವಾನರ ಬಂದಾಗ ತೂಕಡಿಸುತ್ತಿದ್ದರು, ‘ಬ್ಲೂ ಡ್ಯಾನ್ಯೂಬ್’ ಬಂದಾಗ ಗೊರಕೆ. ಎಇ-35 ಅಂದ ಕೂಡಲೇ ನೆಟ್ಟಗೆ ಕೂತರು. ‘ಅಯ್ಯೋ, ಪಾಯಿಂಟಿಂಗ್ ಹೋದರೆ ಮುಗೀತು ಕಣ್ರಿ’ ಅಂದರು. ಆಮೇಲೆ ಕೊನೆಯವರೆಗೂ ಕಣ್ಣು ಮುಚ್ಚಲಿಲ್ಲ.

ಎಂಸಿಎಫ್ ಒಳಗೆ ಹೋಗಿ ನೋಡಬಹುದಾ?

ಸುಮ್ನೆ ಗೇಟಿಗೆ ಹೋಗಿ ನಿಂತರೆ ಬಿಡುವುದಿಲ್ಲ, ಅನುಮತಿ ಬೇಕು. ಅಕ್ಟೋಬರ್ 4ರಿಂದ 10ರವರೆಗೆ ವಿಶ್ವ ಬಾಹ್ಯಾಕಾಶ ಸಪ್ತಾಹ. ಶಾಲೆ, ಕಾಲೇಜಿನವರು ಆ ಹೊತ್ತಿಗೆ ಮುಂಚೆಯೇ ವಿಚಾರಿಸುವುದು ಒಳ್ಳೆಯದು.

ನಮ್ಮ ನೌಕೆಗಳಲ್ಲೂ ಹಾಲ್ ಥರದ್ದು ಇದೆಯಾ?

ಮಾತಾಡುವ, ಜಂಬ ಕೊಚ್ಚುವ ಹಾಲ್ ಇಲ್ಲ. ಸ್ವಂತ ಬುದ್ಧಿ ಸ್ವಲ್ಪ ಇದೆ, ಇರಲೇಬೇಕು. ಕಾರಣ ದೂರ. ನಮ್ಮ ಜಿಸ್ಯಾಟ್‌ಗೆ ಹಾಸನದಿಂದ ಕಳಿಸಿದ ಮಾತು ಮುಟ್ಟಲು ಸೆಕೆಂಡಿನ ಎಂಟನೇ ಒಂದು ಭಾಗ ಸಾಕು. ಚಂದ್ರನಿಗೆ ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ. ಸಿನಿಮಾದಲ್ಲಿ ಟಿವಿ ಸಂದರ್ಶನದ ಹೊತ್ತಿಗೆ ಡಿಸ್ಕವರಿಗೆ ಏಳು ನಿಮಿಷ. ಗುರು ಗ್ರಹದ ಹತ್ತಿರ ಹೋದರೆ ಅರ್ಧ ಗಂಟೆಗೂ ಮೇಲೆ. ‘ಬ್ರೇಕ್ ಹಾಕಲಾ?’ ಅಂತ ಕೇಳಿ ಒಂದು ಗಂಟೆ ಕಾದು ಉತ್ತರ ಪಡೆಯುವ ಡ್ರೈವರನ್ನು ಶಿರಾಡಿ ಘಾಟಿಗೆ ಕಳಿಸುತ್ತೀರಾ?

2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ಚಂದ್ರಯಾನ-3ರ ವಿಕ್ರಮ್ ಇಳಿಯಿತಲ್ಲ, ಇಳಿಯುವ ಆ ಕೊನೆಯ ಕಾಲು ಗಂಟೆಗೂ ಹೆಚ್ಚು ಹೊತ್ತು ಎಲ್ಲಾ ಅದರದೇ ತೀರ್ಮಾನ. ವೇಗ ಎಷ್ಟು, ಎತ್ತರ ಎಷ್ಟು, ಕೆಳಗೆ ಗುಂಡಿ ಇದೆಯಾ, ಎಲ್ಲಾ ತಾನೇ ನೋಡಿಕೊಂಡಿತು. ಬೆಂಗಳೂರಿನಲ್ಲಿ ಕೂತವರು ನಮ್ಮ ಹಾಗೇ ಪರದೆ ನೋಡುತ್ತಿದ್ದರು. 2019ರಲ್ಲಿ ಹಿಂದಿನ ವಿಕ್ರಮ್‌ಗೆ ಇದೇ ಹಂತದಲ್ಲಿ ಎಡವಟ್ಟಾಗಿತ್ತು. ಗಗನಯಾನಕ್ಕೆ ಅಂತ ತಯಾರಾದ ‘ವ್ಯೋಮಮಿತ್ರ’ ಅನ್ನುವ ಅರ್ಧದೇಹದ ರೋಬೊ ಮಾತೂ ಆಡುತ್ತದೆ. 2020ರ ಜನವರಿಯಲ್ಲಿ ಬೆಂಗಳೂರಿನಲ್ಲಿ ತೋರಿಸಿದ್ದರು.

ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ. ನಿಜವಾದ ಉಪಗ್ರಹಗಳಿಗೆ ಗೊಂದಲವಾದರೆ ಏನು ಮಾಡಬೇಕು ಅಂತ ಮೊದಲೇ ಕಲಿಸಿರುತ್ತಾರೆ: ಬೇಡದ್ದನ್ನೆಲ್ಲಾ ಆರಿಸು, ಸೂರ್ಯನ ಕಡೆ ಮುಖ ಮಾಡಿ ಬ್ಯಾಟರಿ ಉಳಿಸಿಕೋ, ಕೆಳಗಿನಿಂದ ಮಾತು ಬರುವ ತನಕ ಕಾಯಿ. ಇದಕ್ಕೆ ಸೇಫ್ ಮೋಡ್ ಅನ್ನುತ್ತಾರೆ. ಗೊತ್ತಾಗದಿದ್ದರೆ ಸುಮ್ಮನಿರುವುದು. ಹಾಲ್‌ಗೆ ಇದೊಂದನ್ನು ಯಾರೂ ಕಲಿಸಿರಲಿಲ್ಲ.

ಈಗ ಫೋನಿನಲ್ಲಿ ಮಾತಾಡುವ ಎಐಗಳೂ ಹೀಗೇ ಆಗುತ್ತವಾ?

ಬಾಗಿಲು ಹಾಕಿಕೊಂಡು ಕೊಲ್ಲುವುದು ಬಿಡಿ. ನನಗೆ ಹಾಲ್‌ನ ನೆನಪಾಗುವುದು ಇನ್ನೊಂದು ಕಡೆ. ನಮ್ಮ ಅಣ್ಣನ ಮಗಳು ಹೋಂವರ್ಕ್‌ಗೆ ಬೇಲೂರು ದೇವಸ್ಥಾನ ಕಟ್ಟಿಸಿದ್ದು ಯಾರು ಅಂತ ಒಂದು ಎಐಗೆ ಕೇಳಿದಳು. ಅದು ಬೇರೆ ಯಾವುದೋ ರಾಜನ ಹೆಸರು ಹೇಳಿತು, ಅದೂ ಎಷ್ಟು ನಯವಾಗಿ, ಎಷ್ಟು ಧೈರ್ಯವಾಗಿ! ವಿಷ್ಣುವರ್ಧನ ಅಲ್ವಾ ಅಂದಾಗ ತಕ್ಷಣ ಕ್ಷಮೆ ಕೇಳಿತು. ಹಾಲ್‌ಗಿಂತ ಅಷ್ಟರ ಮಟ್ಟಿಗೆ ವಾಸಿ. ಆದರೆ ಆ ಹುಡುಗಿಗೆ ಉತ್ತರ ಮೊದಲೇ ಗೊತ್ತಿತ್ತು. ಗೊತ್ತಿಲ್ಲದವಳಾಗಿದ್ದರೆ?

ಸಿನಿಮಾ ಹೇಳಿದ್ದರಲ್ಲಿ ಏನು ನಿಜ ಆಯಿತು?

ವಿಡಿಯೊ ಕಾಲ್ ಆಯಿತು. ಸಿನಿಮಾದಲ್ಲಿ ಅಪ್ಪ ಬಾಹ್ಯಾಕಾಶ ನಿಲ್ದಾಣದಿಂದ ಮಗಳಿಗೆ ಕರೆ ಮಾಡುತ್ತಾನೆ, ಬಿಲ್ಲು ಒಂದು ಡಾಲರ್ 70 ಸೆಂಟ್. ಆ ಪುಟ್ಟ ಹುಡುಗಿ ಕುಬ್ರಿಕ್ ಅವರದೇ ಮಗಳು. ಊಟದ ತಟ್ಟೆ ಪಕ್ಕ ಚಪ್ಪಟೆ ಹಲಗೆಯಂಥದ್ದು ಇಟ್ಟು ಟಿವಿ ನೋಡುವುದೂ ನಿಜ ಆಯಿತು, ಎಷ್ಟರ ಮಟ್ಟಿಗೆ ಅಂದರೆ 2011ರಲ್ಲಿ ಟ್ಯಾಬ್ಲೆಟ್ ವಿನ್ಯಾಸದ ಮೊಕದ್ದಮೆಯಲ್ಲಿ ಸ್ಯಾಮ್ಸಂಗ್ ಈ ದೃಶ್ಯವನ್ನೇ ಆಪಲ್ ವಿರುದ್ಧ ಮುಂದಿಟ್ಟಿತು. ಆಗದೇ ಹೋದದ್ದು ಚಂದ್ರನ ಮೇಲಿನ ಊರು. ನೌಕೆ ಮೇಲೆ ಹೆಸರಿರುವ ಪ್ಯಾನ್ ಆಮ್ ವಿಮಾನ ಕಂಪನಿ 1991ರಲ್ಲೇ ಮುಚ್ಚಿತು.

ಮಕ್ಕಳನ್ನು ಕರೆತರಬಹುದಾ?

ತನ್ನಿ. ಕೆಟ್ಟದ್ದೇನೂ ಇಲ್ಲ. ಬೋರ್ ಆದರೆ ಮಲಗಲಿ, ಚಾಪೆ ಇದೆ. ಬೋಂಡಾ ಇಂಟರ್ವಲ್‌ಗೆ ಮುಂಚೆ ಕೊಡುವುದಿಲ್ಲ.

ಕೊನೆಯಲ್ಲಿ ಮುದುಕ, ಹಾಸಿಗೆ, ಮಗು. ಏನ್ ಸಾರ್ ಅದು?

ಡೇವ್ ಗುರುವಿನ ಹತ್ತಿರ ಇನ್ನೊಂದು ಕಪ್ಪು ಕಲ್ಲು ಕಾಣುತ್ತಾನೆ, ಬಣ್ಣಗಳ ಸುರಂಗದಲ್ಲಿ ಹಾದು ಹೋಗುತ್ತಾನೆ, ಒಂದು ಹೋಟೆಲ್ ರೂಮಿನಂಥ ಕಡೆ ಮುದುಕನಾಗುತ್ತಾನೆ, ಸಾಯುವ ಹೊತ್ತಿಗೆ ಹೊಸದೊಂದು ಮಗುವಾಗುತ್ತಾನೆ. ವಾನರ ಮನುಷ್ಯನಾದ ಹಾಗೆ ಮನುಷ್ಯ ಮುಂದಿನದೇನೋ ಆದ ಅಂತ ನಾನು ತಿಳಿದುಕೊಂಡಿದ್ದೇನೆ. ನಮ್ಮ ಭಾವ ಇದೆಲ್ಲಾ ಕನಸು ಅನ್ನುತ್ತಾರೆ. ದೊಡ್ಡಮ್ಮನಿಗೆ ಮಾತ್ರ ಎಳ್ಳಷ್ಟೂ ಗೊಂದಲ ಇಲ್ಲ: ‘ಸತ್ತ, ಮತ್ತೆ ಹುಟ್ಟಿದ. ಇದರಲ್ಲಿ ತಿಳಿಯದ್ದು ಏನಿದೆ?’

ಹಾಲ್ ಸಾಯುವಾಗ ಹಾಡುತ್ತದಲ್ಲ, ಅದು ಯಾವ ಹಾಡು?

‘ಡೇಸಿ ಬೆಲ್’ ಅಂತ, 1892ರ ಹಳೇ ಇಂಗ್ಲಿಷ್ ಪ್ರೇಮಗೀತೆ. ಸೈಕಲ್ ಮೇಲೆ ಕೂರಿಸಿಕೊಂಡು ಹೋಗುವ ಮಾತು ಬರುತ್ತದೆ. 1961ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಐಬಿಎಂ ಕಂಪ್ಯೂಟರೊಂದರಿಂದ ಇದೇ ಹಾಡನ್ನು ಹಾಡಿಸಿದ್ದರು. ಕ್ಲಾರ್ಕ್ ಅಲ್ಲಿಗೆ ಹೋಗಿ ಅದನ್ನು ಕೇಳಿದ್ದರು. ಕಂಪ್ಯೂಟರ್ ಮಗುವಾಗಿದ್ದಾಗ ಕಲಿತ ಹಾಡು, ಸಾಯುವಾಗ ನೆನಪಿಗೆ ಬರುವುದು ಅದೊಂದೇ. ಡೇವ್ ಒಂದೊಂದೇ ಗಾಜಿನ ಪಟ್ಟಿ ತಿರುಗಿಸಿ ಹೊರಗೆ ತೆಗೆಯುತ್ತಾನೆ. ಭಯವಾಗುತ್ತಿದೆ ಅನ್ನುತ್ತದೆ. ದನಿ ದಪ್ಪ ಆಗುತ್ತಾ, ನಿಧಾನ ಆಗುತ್ತಾ ನಿಂತುಹೋಗುತ್ತದೆ.

ಎರಡನೇ ಸಲ ಹಾಕಿದಾಗ ಸರಿಯಾಗಿ ಅಲ್ಲಿಗೆ ಕರೆಂಟು ಹೋಯಿತು. ಕತ್ತಲಲ್ಲಿ ಯಾರೂ ಬಯ್ಯಲಿಲ್ಲ, ಸಿನಿಮಾನೇ ಹಾಗೆ ಅಂದುಕೊಂಡರು. ಅಣ್ಣನ ಮಗಳು ಮಾತ್ರ ‘ತಾತ, ಹಾಲ್ ಸತ್ತೋಯ್ತಾ?’ ಅಂತ ಕೇಳಿದಳು. ಡಿಶ್ ತಾತ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ಉಪಗ್ರಹಕ್ಕೆ ವಯಸ್ಸಾದರೆ ಏನು ಮಾಡುತ್ತಾರೆ ಅಂತ ಅವಳಿಗೆ ಹೇಳಿದರು. ಉಳಿದ ಚೂರು ಇಂಧನದಲ್ಲಿ ಅದನ್ನು ಇನ್ನೂ ಮುನ್ನೂರು ಕಿಲೋಮೀಟರಿನಷ್ಟು ಮೇಲಕ್ಕೆ ತಳ್ಳುತ್ತಾರೆ, ಬೇರೆಯವಕ್ಕೆ ಅಡ್ಡ ಬರದಿರಲಿ ಅಂತ. ಆಮೇಲೆ ಒಂದೊಂದೇ ಆರಿಸುತ್ತಾ ಬರುತ್ತಾರೆ. ಕೊನೆಗೆ ಟ್ರಾನ್ಸ್‌ಮಿಟರ್.

‘ಹತ್ತು ಹನ್ನೆರಡು ವರ್ಷ ಶಿಫ್ಟ್ ಮೇಲೆ ಶಿಫ್ಟ್ ಅದನ್ನೇ ನೋಡ್ಕೊಂಡು ಕೂತಿರ್ತೀವಲ್ಲ ಮಗಾ. ಪರದೆ ಮೇಲೆ ಗೆರೆ ಓಡ್ತಿರುತ್ತೆ. ಆರಿಸೋ ಕಮಾಂಡ್ ಹೋದ ಮೇಲೆ ಆ ಗೆರೆ ನೆಟ್ಟಗಾಗುತ್ತೆ. ಅವತ್ತು ಕ್ಯಾಂಟೀನಲ್ಲಿ ಯಾರೂ ಜಾಸ್ತಿ ಮಾತಾಡ್ತಿರಲಿಲ್ಲ.’

‘ಅದು ಹಾಡ್ತಿತ್ತಾ?’

‘ಇಲ್ಲಮ್ಮ’ ಅಂದರು. ಅಷ್ಟರಲ್ಲಿ ಕರೆಂಟು ಬಂತು.